ದಾಸರ ಪದ ಇಷ್ಟ ಆಯ್ತು, ಖ್ಯಾಲ್ ಹೇಗೆ ಕೇಳಬೇಕು? ಹಿಂದೂಸ್ತಾನಿ ಸಂಗೀತಕ್ಕೆ ಹೊಸಬರಾದವರಿಗೆ

‘ಭೀಮಸೇನ ಜೋಶಿಯವರ ದಾಸರ ಪದ ಎಷ್ಟು ಸಲ ಕೇಳಿದರೂ ಸಾಕು ಅನ್ನಿಸಲ್ಲ. ಆದರೆ ಅವರದೇ ಒಂದು ಗಂಟೆಯ ಗಾಯನ ಹಾಕಿದರೆ ಹತ್ತು ನಿಮಿಷಕ್ಕೇ ಮನಸ್ಸು ಎಲ್ಲೋ ಹೋಗಿಬಿಡುತ್ತೆ. ಏನು ಮಾಡಲಿ?’

ಓದುಗರು ಈ ಪ್ರಶ್ನೆಯನ್ನು ಬೇರೆ ಬೇರೆ ರೀತಿಯಲ್ಲಿ ಕೇಳುತ್ತಲೇ ಇದ್ದಾರೆ. ಕೆಲವರು ಮಲ್ಲಿಕಾರ್ಜುನ ಮನ್ಸೂರರ ವಚನ ಗಾಯನದಿಂದ ಬಂದವರು, ಕೆಲವರು ವೆಂಕಟೇಶ ಕುಮಾರರ ದಾಸರ ಪದದಿಂದ. ಎಲ್ಲರೂ ಬಂದು ನಿಂತಿರುವುದು ಮಾತ್ರ ಒಂದೇ ಬಾಗಿಲಲ್ಲಿ: ಖ್ಯಾಲ್. ಅಂದರೆ ಎರಡು ಅಥವಾ ನಾಲ್ಕು ಸಾಲಿನ ಸಾಹಿತ್ಯ ಇಟ್ಟುಕೊಂಡು ಒಂದು ರಾಗವನ್ನು ಅರ್ಧ ಗಂಟೆ, ಮುಕ್ಕಾಲು ಗಂಟೆ ಬೆಳೆಸುವ ಹಾಡುಗಾರಿಕೆ.

ಹೊಸಬರಿಗೆ ಸಾಮಾನ್ಯವಾಗಿ ಸಿಗುವ ಸಲಹೆ ‘ಮೊದಲು ರಾಗ ಗುರುತಿಸೋದು ಕಲಿಯಿರಿ’ ಎಂಬುದು. ನಾನು ಇದನ್ನು ಒಪ್ಪುವುದಿಲ್ಲ. ರಾಗದ ಹೆಸರು ನಿಧಾನವಾಗಿ ಬರಲಿ, ಅವಸರವೇನಿಲ್ಲ. ಮೊದಲು ಹಿಡಿಯಬೇಕಾದದ್ದು ತಾಳದ ‘ಸಮ್’, ಅಂದರೆ ತಾಳದ ಒಂದೊಂದು ಸುತ್ತಿನ ಮೊದಲ ಬಡಿತ. ಅದು ಸಿಕ್ಕಿತೆಂದರೆ ಮುಕ್ಕಾಲು ಗಂಟೆಯ ಹಾಡು ಉದ್ದ ಅನ್ನಿಸುವುದೇ ಇಲ್ಲ. ಈ ಲೇಖನದ ಹೆಚ್ಚಿನ ಭಾಗ ಅದಕ್ಕೇ ಮೀಸಲು.

ಏನೇನು ಬೇಕು?

ಒಂದು ಹೆಡ್‌ಫೋನ್, ಯಾರೂ ಕರೆಯದ ನಲವತ್ತು ನಿಮಿಷ, ಒಂದು ಚಿಕ್ಕ ನೋಟ್‌ಬುಕ್. ಇಷ್ಟೇ.

ಹೆಡ್‌ಫೋನ್ ದುಬಾರಿಯದು ಬೇಡ, ಆದರೆ ಫೋನಿನ ಸ್ಪೀಕರಿನಲ್ಲಿ ಮಾತ್ರ ಕೇಳಬೇಡಿ. ತಬಲಾ ಜೋಡಿಯಲ್ಲಿ ಎಡಗೈಗೆ ಇರುವ ದೊಡ್ಡ ವಾದ್ಯ ಡಗ್ಗಾ. ಅದರ ‘ಗುಂ’ ಎನ್ನುವ ತಗ್ಗು ದನಿಯನ್ನು ಫೋನ್ ಸ್ಪೀಕರ್ ನುಂಗಿಬಿಡುತ್ತದೆ. ತಂಬೂರಿಯ ಕೆಳಗಿನ ಷಡ್ಜವೂ (‘ಸ’ ಸ್ವರ) ಅಷ್ಟೇ. ಡಗ್ಗಾ ಕೇಳದಿದ್ದರೆ ತಾಳದಲ್ಲಿ ಎಲ್ಲಿದ್ದೀರಿ ಎಂದು ತಿಳಿಯುವುದು ಕಷ್ಟ. ಯಾಕೆ ಅಂತ ಮೂರನೇ ಹಂತದಲ್ಲಿ ಗೊತ್ತಾಗುತ್ತದೆ.

1. ಈಗಾಗಲೇ ಇಷ್ಟವಾದ ಗಾಯಕರಿಂದಲೇ ಶುರು ಮಾಡಿ

‘ಹತ್ತು ಶ್ರೇಷ್ಠ ರಾಗಗಳು’ ಎಂಬಂಥ ಪಟ್ಟಿ ಹಿಡಿದು ಹೊರಡಬೇಡಿ. ನಿಮಗೆ ಯಾರ ಗಂಟಲು ಹಿಡಿಸಿದೆಯೋ ಅವರ ಹಿಂದೆ ಹೋಗಿ. ದನಿಯ ಪರಿಚಯ ಇರುವುದರಿಂದ ಅರ್ಧ ಕೆಲಸ ಅಲ್ಲೇ ಮುಗಿದಿರುತ್ತದೆ.

ಕನ್ನಡಿಗರಿಗೆ ಇಲ್ಲಿ ಆಯ್ಕೆಗೆ ಬರವಿಲ್ಲ. ಜೋಶಿಯವರು (1922–2011) ಗದಗಿನವರು. ಮನ್ಸೂರರು (1910–1992) ಧಾರವಾಡದ ಪಕ್ಕದ ಮನ್ಸೂರಿನವರು. ಗಂಗೂಬಾಯಿ ಹಾನಗಲ್ಲರು (1913–2009) ಹುಟ್ಟಿದ್ದು ಧಾರವಾಡ, ಬಾಳಿದ್ದು ಹುಬ್ಬಳ್ಳಿ. ಕುಮಾರ ಗಂಧರ್ವರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ, ನೆಲೆಸಿದ್ದು ಮಧ್ಯಪ್ರದೇಶದ ದೇವಾಸದಲ್ಲಿ. ಬಸವರಾಜ ರಾಜಗುರು ಅವರಂತೂ ಖ್ಯಾಲ್, ವಚನ, ನಾಟ್ಯಸಂಗೀತ ಎಲ್ಲವನ್ನೂ ಹಾಡಿದವರು.

ಇಲ್ಲೊಂದು ಪದ ತಿಳಿದಿರಲಿ: ಘರಾಣೆ. ಗುರುಪರಂಪರೆಯಿಂದ ಬಂದ ಹಾಡುವ ಪದ್ಧತಿ ಎಂದಿಟ್ಟುಕೊಳ್ಳಿ. ಜೋಶಿ ಮತ್ತು ಗಂಗೂಬಾಯಿ ಇಬ್ಬರೂ ಕುಂದಗೋಳದ ಸವಾಯಿ ಗಂಧರ್ವರ ಶಿಷ್ಯರು, ಕಿರಾನಾ ಘರಾಣೆಯವರು. ಇಲ್ಲಿ ಒಂದೊಂದು ಸ್ವರವನ್ನೂ ಸಾವಕಾಶವಾಗಿ ಬೆಳೆಸುತ್ತಾ ಹೋಗುತ್ತಾರೆ. ಮನ್ಸೂರರದು ಜೈಪುರ-ಅತ್ರೌಲಿ. ಅಲ್ಲಿ ಸ್ವರ ಮತ್ತು ಲಯ ಹೆಣೆದುಕೊಂಡೇ ಸಾಗುತ್ತವೆ, ಅಪರೂಪದ ರಾಗಗಳೂ ಜಾಸ್ತಿ. ಹೊಸಬರಿಗೆ ಕಿರಾನಾ ಸ್ವಲ್ಪ ಸುಲಭ ಅಂತ ನನ್ನ ಅಭಿಪ್ರಾಯ. ಆದರೆ ಮನ್ಸೂರರ ವಚನ ಕೇಳಿಯೇ ಬಂದವರು ಮನ್ಸೂರರಿಂದಲೇ ಶುರು ಮಾಡಿ, ಪರವಾಗಿಲ್ಲ.

2. ಮೊದಲ ವಾರ ಮೂರು ನಿಮಿಷದ ಖ್ಯಾಲ್

ಹಳೆಯ 78 ಆರ್‌ಪಿಎಂ ಗ್ರಾಮಫೋನ್ ತಟ್ಟೆಯ ಒಂದು ಬದಿಯಲ್ಲಿ ಮೂರು, ಮೂರೂವರೆ ನಿಮಿಷ ಮಾತ್ರ ಹಿಡಿಸುತ್ತಿತ್ತು. ಕಛೇರಿಯಲ್ಲಿ ಒಂದು ಗಂಟೆ ಹಾಡುವವರು ಅಷ್ಟರಲ್ಲೇ ರಾಗದ ಚಿತ್ರ ಕೊಡಬೇಕಿತ್ತು. ಹಾಗಾಗಿ ಒಂದು ಸ್ವರವೂ ಪೋಲಾಗಿಲ್ಲ. ಹೊಸ ಕೇಳುಗರಿಗೆ ಇದಕ್ಕಿಂತ ಒಳ್ಳೆಯ ಮೆಟ್ಟಿಲಿಲ್ಲ. ಹುಡುಗ ಭೀಮಸೇನ ಮನೆ ಬಿಟ್ಟು ಗುರುವನ್ನು ಹುಡುಕಿಕೊಂಡು ಹೊರಟದ್ದೇ ಅಬ್ದುಲ್ ಕರೀಂ ಖಾನರ ಇಂಥದ್ದೊಂದು ತಟ್ಟೆ ಕೇಳಿ.

ಅಬ್ದುಲ್ ಕರೀಂ ಖಾನ್ (ಕಿರಾನಾ ಘರಾಣೆಯ ದೊಡ್ಡ ಹೆಸರು, ಸವಾಯಿ ಗಂಧರ್ವರ ಗುರು), ಸವಾಯಿ ಗಂಧರ್ವ, ಯುವತಿ ಗಂಗೂಬಾಯಿ, ಯುವಕ ಮನ್ಸೂರ: ಈ ನಾಲ್ವರ ಹಳೆಯ ತಟ್ಟೆಗಳು ಯೂಟ್ಯೂಬಿನಲ್ಲಿ ಸಿಗುತ್ತವೆ. ದಿನಕ್ಕೆ ಎರಡು ಕೇಳಿ, ಸಾಕು. ಅದೇ ಎರಡನ್ನು ಮರುದಿನವೂ ಕೇಳಿ.

ಹುಡುಕುವಾಗ ಹೆಸರು ಕೈಕೊಡಬಹುದು. ಸವಾಯಿ ಗಂಧರ್ವರ ಹೆಸರು ಕೆಲವು ಕಡೆ ರಾಮಭಾವು ಕುಂದಗೋಳಕರ ಎಂದಿರುತ್ತದೆ. ಗಂಗೂಬಾಯಿಯವರ ಮೊದಮೊದಲ ತಟ್ಟೆಗಳಲ್ಲಿ ‘ಗಾಂಧಾರಿ’ ಎಂಬ ಹೆಸರಿದೆ. ಆ ದನಿ ಕೇಳಿ ‘ಇದು ಅವರಲ್ಲ’ ಅಂದುಕೊಳ್ಳಬೇಡಿ. ಮುಂದೆ ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಅವರ ದನಿ ಗಡುಸಾಯಿತು. ಮೊದಲು ಅದು ತೆಳುವಾಗಿ, ಎತ್ತರದ ಶ್ರುತಿಯಲ್ಲೇ ಇತ್ತು.

ತಟ್ಟೆಯ ಕರಕರ ಸದ್ದು ಎರಡು ದಿನ ಕಿರಿಕಿರಿ ಮಾಡುತ್ತದೆ. ಮೂರನೇ ದಿನದಿಂದ ಕಿವಿ ಅದನ್ನು ಬದಿಗೆ ಸರಿಸಿಬಿಡುತ್ತದೆ.

3. ತೀನ್‌ತಾಲದಲ್ಲಿ ಸಮ್ ಹಿಡಿಯಿರಿ

ಇಲ್ಲಿ ಅವಸರ ಮಾಡಬೇಡಿ. ಒಂದೆರಡು ವಾರ ಹಿಡಿದರೂ ಹಿಡಿಯಲಿ.

ತಾಳ ಅಂದರೆ ತಿರುಗಿ ತಿರುಗಿ ಬರುವ ಒಂದು ಸುತ್ತು. ಆ ಸುತ್ತಿನ ಮೊದಲನೆಯ ಮಾತ್ರೆಯೇ (ಬಡಿತವೇ) ಸಮ್. ಗಾಯಕರು ಎಲ್ಲೆಲ್ಲಿ ಹೋದರೂ ಕೊನೆಗೆ ಬಂದು ಸೇರುವುದು ಅಲ್ಲಿಗೆ. ಕಛೇರಿಯಲ್ಲಿ ಜನ ಒಟ್ಟಿಗೆ ‘ವಾಹ್’ ಅನ್ನುವುದು, ತಲೆದೂಗುವುದು ಹೆಚ್ಚಾಗಿ ಅಲ್ಲೇ.

ಖ್ಯಾಲ್‌ನಲ್ಲಿ ಸಾಮಾನ್ಯವಾಗಿ ಎರಡು ಭಾಗ. ಮೊದಲು ನಿಧಾನದ ‘ವಿಲಂಬಿತ್’ ಅಥವಾ ಬಡಾ ಖ್ಯಾಲ್, ಆಮೇಲೆ ವೇಗದ ‘ದ್ರುತ್’ ಅಥವಾ ಛೋಟಾ ಖ್ಯಾಲ್. ನೀವು ಎರಡನೆಯದರಿಂದ ಶುರು ಮಾಡಿ. ವಿಡಿಯೋವನ್ನು ಮುಂದೆ ಓಡಿಸಿ, ತಬಲಾ ಚುರುಕಾಗುವ ಜಾಗಕ್ಕೆ ನೇರ ಹೋಗಿ. ಯಾರೂ ಬೈಯುವುದಿಲ್ಲ.

ದ್ರುತ್ ಬಹುತೇಕ ತೀನ್‌ತಾಲದಲ್ಲಿರುತ್ತದೆ. ಹದಿನಾರು ಮಾತ್ರೆ, ನಾಲ್ಕು ನಾಲ್ಕರ ನಾಲ್ಕು ಗುಂಪು:

ಧಾ ಧಿನ್ ಧಿನ್ ಧಾ
ಧಾ ಧಿನ್ ಧಿನ್ ಧಾ
ಧಾ ತಿನ್ ತಿನ್ ತಾ
ತಾ ಧಿನ್ ಧಿನ್ ಧಾ

ಒಂದು, ಐದು, ಹದಿಮೂರನೇ ಮಾತ್ರೆಗೆ ಚಪ್ಪಾಳೆ. ಒಂಬತ್ತಕ್ಕೆ ಚಪ್ಪಾಳೆ ಇಲ್ಲ, ಅಂಗೈ ಹೊರಳಿಸುವುದು ಅಷ್ಟೇ. ಅದನ್ನು ಖಾಲಿ ಎನ್ನುತ್ತಾರೆ. ಮೇಲಿನ ಸಾಲುಗಳನ್ನು ಬಾಯಲ್ಲಿ ಹೇಳಿಕೊಂಡು ನೋಡಿ: ಧಾ, ಧಿನ್ ಇರುವ ಕಡೆಯೆಲ್ಲ ಡಗ್ಗಾದ ಗುಂಕಾರ ಇದೆ. ತಿನ್ ತಿನ್ ತಾ ತಾ ಬರುವ ಹೊತ್ತಿಗೆ, ಅಂದರೆ ಹತ್ತರಿಂದ ಹದಿಮೂರರವರೆಗೆ, ಡಗ್ಗಾ ಸುಮ್ಮನಾಗುತ್ತದೆ. ಹದಿನಾಲ್ಕಕ್ಕೆ ಗುಂಕಾರ ವಾಪಸ್ ಬರುತ್ತದೆ. ಅಲ್ಲಿಂದ ಎಣಿಸಿ: ಧಿನ್, ಧಿನ್, ಧಾ, ಆಮೇಲೆ ಸಮ್. ಎಲ್ಲಿ ಕಳೆದುಹೋದರೂ ಡಗ್ಗಾ ನಿಂತು ಮತ್ತೆ ಶುರುವಾಗುವುದಕ್ಕೆ ಕಾಯಿರಿ, ದಾರಿ ಸಿಗುತ್ತದೆ. ಹೆಡ್‌ಫೋನ್ ಬೇಕು ಅಂದದ್ದು ಇದಕ್ಕೇ.

ಇನ್ನೊಂದು ಗುರುತು ಮುಖಡಾ. ಬಂದಿಶ್ ಎಂದರೆ ರಾಗ, ತಾಳಕ್ಕೆ ಕಟ್ಟಿದ ಆ ಪುಟ್ಟ ಸಾಹಿತ್ಯ. ಉತ್ತರ ಕರ್ನಾಟಕದ ಕಡೆ ಹಳಬರು ‘ಚೀಜ್’ ಎಂದೂ ಹೇಳುತ್ತಾರೆ. ಅದರ ಮೊದಲ ತುಣುಕು ಮುಖಡಾ. ಗಾಯಕರು ಏನೇ ವಿಸ್ತಾರ ಮಾಡಿದರೂ ಸುತ್ತಿನ ಕೊನೆಗೆ ಈ ತುಣುಕನ್ನು ಹಿಡಿದು ಸಮ್‌ಗೆ ಇಳಿಯುತ್ತಾರೆ. ಅದರಲ್ಲಿ ಒತ್ತು ಬೀಳುವ ಒಂದು ಅಕ್ಷರ ಇರುತ್ತದೆ. ಅದು ಯಾವುದು ಅಂತ ನಾಲ್ಕೈದು ಸುತ್ತಿನಲ್ಲಿ ನಿಮಗೇ ಗೊತ್ತಾಗುತ್ತದೆ.

ಎಚ್ಚರಿಕೆ: ತಬಲಾದವರು ಅಲಂಕಾರ ಮಾಡಿ ನುಡಿಸಲು ಶುರು ಮಾಡಿದರೆ ಮೇಲಿನ ಠೇಕಾ (ತಾಳದ ಮೂಲ ಬಡಿತ) ಹಾಗೇ ಕೇಳುವುದಿಲ್ಲ. ಆಗ ಗಾಬರಿಯಾಗಿ ಹೊಸದಾಗಿ ಎಣಿಸಲು ಹೋಗಬೇಡಿ. ಅದೇ ವೇಗದಲ್ಲಿ ತೊಡೆ ತಟ್ಟುತ್ತಾ ಇರಿ. ಸಮ್ ನಿಮ್ಮ ಹತ್ತಿರವೇ ಬರುತ್ತದೆ. ಇನ್ನು, ಎಲ್ಲ ಬಂದಿಶ್‌ಗಳೂ ಸಮ್‌ನಿಂದ ಶುರುವಾಗುತ್ತವೆ ಎಂಬುದು ತಪ್ಪು ತಿಳಿವಳಿಕೆ. ಒಂಬತ್ತನೇ ಮಾತ್ರೆಯಿಂದ ಎತ್ತಿಕೊಳ್ಳುವವು ಬಹಳ ಇವೆ.

4. ವಿಲಂಬಿತ್‌ಗೆ ಇಳಿಯಿರಿ

ಹೊಸಬರು ಓಡಿಹೋಗುವುದು ಇಲ್ಲಿಂದಲೇ. ಕಾರಣ ಸರಳ. ಕಿರಾನಾದವರ ವಿಲಂಬಿತ್ ಏಕ್‌ತಾಲದಲ್ಲಿ ಹನ್ನೆರಡು ಮಾತ್ರೆಯ ಒಂದು ಸುತ್ತಿಗೆ ಮುಕ್ಕಾಲು ನಿಮಿಷದಿಂದ ಒಂದು ನಿಮಿಷ ಹಿಡಿಯುತ್ತದೆ. ಅಷ್ಟು ದೊಡ್ಡ ಸುತ್ತನ್ನು ಬೆರಳಲ್ಲಿ ಎಣಿಸುತ್ತಾ ಕೂತರೆ ಹಾಡು ಕೇಳುವುದು ಯಾವಾಗ?

ಎಣಿಸಬೇಡಿ. ಗುರುತು ಹಿಡಿಯಿರಿ. ಏಕ್‌ತಾಲದ ಠೇಕಾ ಹೀಗಿದೆ:

ಧಿನ್ ಧಿನ್ ಧಾಗೆ ತಿರಕಿಟ
ತೂ ನಾ ಕತ್ ತಾ
ಧಾಗೆ ತಿರಕಿಟ ಧಿನ್ ನಾ

ಈ ನಿಧಾನದಲ್ಲೂ ‘ತಿರಕಿಟ’ ಮಾತ್ರ ಪಟಪಟ ಎಂದು ಎದ್ದು ಕೇಳುತ್ತದೆ. ಒಂದು ಸುತ್ತಿನಲ್ಲಿ ಅದು ಎರಡು ಸಲ ಬರುತ್ತದೆ, ನಾಲ್ಕನೆಯ ಮತ್ತು ಹತ್ತನೆಯ ಮಾತ್ರೆಯಲ್ಲಿ. ಮೊದಲನೆಯದಾದ ಮೇಲೆ ‘ತೂ ನಾ’ ಬರುತ್ತದೆ. ಎರಡನೆಯದಾದ ಮೇಲೆ ‘ಧಿನ್ ನಾ’, ಆಮೇಲೆ ಸಮ್. ಎರಡನೇ ತಿರಕಿಟ ಕೇಳಿತೆಂದರೆ ಮನೆ ಹತ್ತಿರ ಬಂತು ಅಂತ. ಹೆಚ್ಚುಕಡಿಮೆ ಅಲ್ಲಿಂದಾಚೆಗೆ ಗಾಯಕರೂ ಮುಖಡಾ ಎತ್ತಿಕೊಳ್ಳುತ್ತಾರೆ. ನಡುವಿನ ಸಮಯವೆಲ್ಲ ನಿಮ್ಮದು. ಸುಮ್ನೆ ಸ್ವರ ಕೇಳಿ.

ಏನು ಕೇಳಬೇಕು? ಗಾಯಕರು ಈಗ ಯಾವ ಸ್ವರದ ಮೇಲೆ ನಿಲ್ಲುತ್ತಿದ್ದಾರೆ, ಇನ್ನೂ ಯಾವ ಸ್ವರವನ್ನು ಮುಟ್ಟಿಲ್ಲ ಎಂಬುದನ್ನು. ಕೆಳಗಿನ ಸ್ಥಾಯಿಯಿಂದ ಶುರು ಮಾಡಿ ಒಂದೊಂದೇ ಸ್ವರ ಸೇರಿಸಿಕೊಳ್ಳುತ್ತಾ ಮೇಲೇರುತ್ತಾರೆ. ಮೇಲಿನ ಷಡ್ಜ ಮುಟ್ಟುವುದನ್ನು ಹತ್ತು ಹದಿನೈದು ನಿಮಿಷ ಮುಂದೂಡುತ್ತಾರೆ. ಜೋಶಿಯವರು ಕೊನೆಗೆ ಅಲ್ಲಿ ಹೋಗಿ ನಿಲ್ಲುವಾಗ ಇಡೀ ಸಭೆ ಯಾಕೆ ಉಸಿರು ಬಿಡುತ್ತದೆ ಎಂಬುದು ಕಾದು ಕೂತವರಿಗಷ್ಟೇ ಗೊತ್ತು. ಇಲ್ಲಿ ಮಾತ್ರ ವಿಡಿಯೋ ಓಡಿಸಬೇಡಿ.

ಮನ್ಸೂರರಲ್ಲಿ ಈ ಉದ್ದದ ಏಕ್‌ತಾಲವನ್ನು ಹುಡುಕಿದರೆ ನಿರಾಶೆಯಾಗುತ್ತದೆ. ಜೈಪುರದವರ ವಿಲಂಬಿತ್ ಅಷ್ಟು ನಿಧಾನವಲ್ಲ, ಹೆಚ್ಚಾಗಿ ತೀನ್‌ತಾಲದಲ್ಲಿರುತ್ತದೆ. ಮನ್ಸೂರರು ದೀರ್ಘ ಆಲಾಪವಿಲ್ಲದೆ (ತಾಳ ಶುರುವಾಗುವ ಮೊದಲು ರಾಗವನ್ನು ಬಿಡಿಸುವುದು) ನೇರ ಬಂದಿಶ್‌ಗೇ ಬರುತ್ತಾರೆ. ಮೂರನೇ ಹಂತದಲ್ಲಿ ಕಲಿತದ್ದು ಅಲ್ಲಿ ಕೆಲಸಕ್ಕೆ ಬರುತ್ತದೆ.

5. ಒಂದು ರಾಗ, ಮೂರು ಗಂಟಲು

ಈಗ ರಾಗಕ್ಕೆ ಬನ್ನಿ. ಒಂದೇ ಒಂದು ರಾಗ ಆರಿಸಿಕೊಳ್ಳಿ. ನನ್ನ ಕೇಳಿದರೆ ಯಮನ್. ಸಂಜೆಯ ರಾಗ. ಕರ್ನಾಟಕ ಸಂಗೀತ ಗೊತ್ತಿರುವವರಿಗೆ ಕಲ್ಯಾಣಿಯ ಸ್ವರಗಳೇ. ಧ್ವನಿಮುದ್ರಣಗಳು ಬೇಕಾದಷ್ಟಿವೆ. ಕಿರಾನಾದವರೊಬ್ಬರು, ಬೇರೆ ಘರಾಣೆಯವರೊಬ್ಬರು, ಈಗ ಹಾಡುತ್ತಿರುವವರೊಬ್ಬರು: ಮೂವರ ಯಮನ್ ಹುಡುಕಿ. ಒಂದು ತಿಂಗಳು ಬೇರೆ ರಾಗದ ತಂಟೆಗೆ ಹೋಗಬೇಡಿ.

ಯಮನ್‌ನಲ್ಲಿ ಕಿವಿ ಇಡಬೇಕಾದ ಜಾಗ: ಕೆಳಗಿನ ನಿಷಾದದಿಂದ ಷಡ್ಜವನ್ನು ಬಿಟ್ಟು ನೇರ ರಿಷಭಕ್ಕೆ ಹೋಗಿ ಗಾಂಧಾರದ ಮೇಲೆ ನಿಲ್ಲುವ ‘ನಿ ರಿ ಗಾ’. ಮೂವರೂ ಅದನ್ನು ಹಾಡುತ್ತಾರೆ, ಮೂವರೂ ಒಂದೇ ಥರ ಹಾಡುವುದಿಲ್ಲ. ಒಂದು ತಿಂಗಳಾದ ಮೇಲೆ ಎಲ್ಲೋ ಹೋಟೆಲಿನಲ್ಲಿ, ಬಸ್ಸಿನಲ್ಲಿ ಈ ತುಣುಕು ಕಿವಿಗೆ ಬಿದ್ದರೆ ಹೆಸರು ತಾನಾಗಿ ಬಾಯಿಗೆ ಬರುತ್ತದೆ. ಮುಂದಿನ ತಿಂಗಳು ದುರ್ಗಾ (ನಮ್ಮ ಶುದ್ಧ ಸಾವೇರಿ) ಅಥವಾ ಮಾಲಕೌಂಸ (ಹಿಂದೋಳ) ತೆಗೆದುಕೊಳ್ಳಿ. ಐದೇ ಸ್ವರದ ರಾಗಗಳು, ಗೊಂದಲ ಕಡಿಮೆ.

6. ಆನ್‌ಲೈನ್‌ನಲ್ಲಿ ಹುಡುಕುವಾಗ

ಹುಡುಕಾಟದ ಫಿಲ್ಟರಿನಲ್ಲಿ ‘20 ನಿಮಿಷಕ್ಕಿಂತ ಹೆಚ್ಚು’ ಎಂಬುದನ್ನು ಆರಿಸಿ. ತುಂಡು ರೀಲ್ಸ್ ಎಲ್ಲ ಒಂದೇ ಏಟಿಗೆ ಹೋಗುತ್ತವೆ. ಗಾಯಕರ ಹೆಸರು, ರಾಗದ ಹೆಸರು ಎರಡನ್ನೂ ಸೇರಿಸಿ ಹಾಕಿ. ಕಾಗುಣಿತ ಬದಲಿಸಿ ನೋಡಿ: ಮಾಲಕೌಂಸ, ಮಾಲ್‌ಕೋಶ್, ಮಾಲ್ಕಂಸ್ ಎಲ್ಲವೂ ಒಂದೇ.

ಪ್ರಸಾರ ಭಾರತಿಯ ಸಂಗ್ರಹದಿಂದ ಬರುವ ಹಳೆಯ ದೂರದರ್ಶನ, ಆಕಾಶವಾಣಿ ಮುದ್ರಣಗಳನ್ನು ನಂಬಬಹುದು. 2006ರಲ್ಲಿ ಶುರುವಾದ ಬ್ರಿಟನ್‌ನ ದರ್ಬಾರ್ ಉತ್ಸವದ ವಿಡಿಯೋಗಳಲ್ಲಿ ದನಿ, ಚಿತ್ರ ಎರಡೂ ಚೊಕ್ಕ. ವೆಂಕಟೇಶ ಕುಮಾರರ ಗಾಯನವೂ ಅಲ್ಲಿದೆ. ತಬಲಾದವರ ಕೈ ಹತ್ತಿರದಿಂದ ಕಾಣುವುದರಿಂದ ಸಮ್ ಕಲಿಯಲು ಇಂಥ ವಿಡಿಯೋ ಬಲು ಉಪಯೋಗ. ಆಕಾಶವಾಣಿಯ ‘ರಾಗಂ’ ವಾಹಿನಿ 2016ರಿಂದ ದಿನದ 24 ಗಂಟೆಯೂ ಶಾಸ್ತ್ರೀಯ ಸಂಗೀತ ಕೊಡುತ್ತಿದೆ. ಪ್ರಸಾರ ಭಾರತಿಯ ಆ್ಯಪ್‌ನಲ್ಲಿ ಸಿಗುತ್ತದೆ. ಅಲ್ಲೊಂದು ಲಾಭ ಇದೆ: ಹಾಡು ಆರಿಸುವವರು ನೀವಲ್ಲ. ಕೇಳಿರದ ಹೆಸರುಗಳು ಕಿವಿಗೆ ಬೀಳುತ್ತವೆ.

ಎಡವುವ ಜಾಗಗಳು ಇವು. ಶೀರ್ಷಿಕೆಯಲ್ಲಿ ಬರೆದ ರಾಗವೇ ಒಳಗಿರುತ್ತದೆ ಎಂಬ ಖಾತ್ರಿ ಇಲ್ಲ. ಹಳೆಯ ಕ್ಯಾಸೆಟ್ಟಿನಿಂದ ಏರಿಸಿದವರು ಮೊದಲ ಬದಿ, ಎರಡನೇ ಬದಿ ಅದಲುಬದಲು ಮಾಡಿರುತ್ತಾರೆ. ಅನುಮಾನ ಬಂದರೆ ಅದೇ ರಾಗದ ಇನ್ನೊಂದು ಮುದ್ರಣ ಪಕ್ಕದಲ್ಲಿಟ್ಟು ಕೇಳಿ. ದನಿ ತೀರಾ ತೆಳುವಾಗಿ, ತಬಲಾ ಆಟಿಕೆಯಂತೆ ಕೇಳಿದರೆ ಟೇಪ್ ಜೋರಾಗಿ ಓಡಿದೆ ಎಂದರ್ಥ, ಬೇರೆ ಪ್ರತಿ ಹುಡುಕಿ. ‘ನಿದ್ದೆಗಾಗಿ’, ‘ಧ್ಯಾನಕ್ಕಾಗಿ’ ಎಂದು ಮಳೆಯ ಸದ್ದು ಬೆರೆಸಿದವನ್ನು ದೂರ ಇಡಿ. ತೀರಿಕೊಂಡ ಗಾಯಕರ ದನಿಯನ್ನು ಕಂಪ್ಯೂಟರಿನಿಂದ ಹುಟ್ಟಿಸಿದ ಹಾಡುಗಳೂ ಈಗ ಬಂದಿವೆ. ತಬಲಾ, ಹಾರ್ಮೋನಿಯಂ ಯಾರದು, ಎಲ್ಲಿ ಹಾಡಿದ್ದು ಎಂಬ ವಿವರವೇ ಇಲ್ಲದಿದ್ದರೆ ಅನುಮಾನಿಸಿ. ವಿವರ ಇದ್ದರೆ ಸಾಥ್ ಕೊಟ್ಟವರ ಹೆಸರನ್ನು ನೋಟ್‌ಬುಕ್ಕಿಗೆ ಹಾಕಿಕೊಳ್ಳಿ. ಒಳ್ಳೆಯ ತಬಲಾದವರ ಹೆಸರು ಹಿಡಿದು ಹೋದರೆ ಒಳ್ಳೆಯ ಗಾಯಕರೂ ಸಿಗುತ್ತಾರೆ.

7. ಎದುರು ಕೂತು ಕೇಳಿ

ಮೂರು ತಿಂಗಳಾದರೂ ಕಛೇರಿಗೆ ಹೋಗದಿದ್ದರೆ ಮೇಲಿನದೆಲ್ಲ ಬರೀ ಅಭ್ಯಾಸವಾಗಿ ಉಳಿಯುತ್ತದೆ. ಮೈಕಿನಲ್ಲಿ ಬಾರದ ಎಷ್ಟೋ ಸಂಗತಿ ಎದುರು ಕೂತರೆ ಕಾಣುತ್ತದೆ. ತಾನ್ (ವೇಗವಾಗಿ ಓಡುವ ಸ್ವರಗುಚ್ಛ) ಮುಗಿಸಿ ಸಮ್‌ಗೆ ಬರುವ ಮೊದಲು ಗಾಯಕರು ತಬಲಾದವರ ಕಡೆ ನೋಡುವ ಒಂದು ನೋಟ ಇದೆಯಲ್ಲ, ಅದನ್ನು ನೋಡಿದ ಮೇಲೆ ತಾಳ ಹಿಡಿಯುವುದು ಇನ್ನೂ ಸುಲಭ.

ಧಾರವಾಡದಲ್ಲಿ ಮಲ್ಲಿಕಾರ್ಜುನ ಮನ್ಸೂರ ಕಲಾಭವನ, ಹುಬ್ಬಳ್ಳಿಯಲ್ಲಿ ಸವಾಯಿ ಗಂಧರ್ವ ಕಲಾಮಂದಿರ, ಬೆಂಗಳೂರಿನಲ್ಲಿ ಚೌಡಯ್ಯ ಸ್ಮಾರಕ ಭವನ: ಇವುಗಳ ಕಾರ್ಯಕ್ರಮಗಳ ಮೇಲೆ ಒಂದು ಕಣ್ಣಿಡಿ. ಗದಗಿನ ವೀರೇಶ್ವರ ಪುಣ್ಯಾಶ್ರಮ ಪಂಚಾಕ್ಷರಿ ಗವಾಯಿ, ಪುಟ್ಟರಾಜ ಗವಾಯಿಗಳ ನೆಲೆ. ವೆಂಕಟೇಶ ಕುಮಾರರು ಕಲಿತದ್ದು ಅಲ್ಲೇ. ಹುಬ್ಬಳ್ಳಿಯಿಂದ ಸುಮಾರು 20 ಕಿ.ಮೀ. ದೂರದ ಕುಂದಗೋಳದ ನಾಡಿಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ನೆನಪಿನ ಸಂಗೀತೋತ್ಸವ ನಡೆಯುತ್ತದೆ. ಪುಣೆಯಲ್ಲಿ ಜೋಶಿಯವರು ಗುರುವಿನ ಹೆಸರಲ್ಲಿ 1953ರಲ್ಲಿ ಶುರು ಮಾಡಿದ ಉತ್ಸವ ಡಿಸೆಂಬರಿನಲ್ಲಿರುತ್ತದೆ. ಅದು ದೊಡ್ಡ ಜಾತ್ರೆ. ಮೊದಲ ಕಛೇರಿ ಅಲ್ಲಿ ಬೇಡ, ಊರಿನ ಇನ್ನೂರು ಜನರ ಸಭೆಯೇ ವಾಸಿ.

ಸಂಜೆಯ ಕಛೇರಿಗಳಿಗೇ ಹೋಗುತ್ತಿದ್ದರೆ ಸಂಜೆಯ ರಾಗಗಳೇ ಕಿವಿಗೆ ಬೀಳುತ್ತವೆ. ಹಿಂದೂಸ್ತಾನಿಯಲ್ಲಿ ರಾಗಕ್ಕೆ ಹೊತ್ತು ಇದೆ. ನಸುಕಿನ ಲಲಿತ, ಬೆಳಗಿನ ತೋಡಿ ಹಿಂದೆ ಅಹೋರಾತ್ರಿ ಕಛೇರಿಯಲ್ಲಿ ಸಹಜವಾಗಿ ಸಿಗುತ್ತಿದ್ದವು. 2000ದ ಶಬ್ದಮಾಲಿನ್ಯ ನಿಯಮದಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ, ಸರ್ಕಾರ ವರ್ಷಕ್ಕೆ ಕೆಲವೇ ದಿನ ಮಧ್ಯರಾತ್ರಿವರೆಗೆ ವಿನಾಯಿತಿ ಕೊಡಬಹುದು. ಮುಚ್ಚಿದ ಸಭಾಂಗಣಕ್ಕೆ ಈ ತೊಡಕಿಲ್ಲ. ಹಾಗಾಗಿ ‘ಪ್ರಾತಃಕಾಲದ ಗಾಯನ’ ಅಂತ ಎಲ್ಲಾದರೂ ಕಂಡರೆ ಭಾನುವಾರದ ನಿದ್ದೆ ಬಿಟ್ಟು ಹೋಗಿ.

ಅಲ್ಲಿ ಹೋದ ಮೇಲೆ ನೆನಪಿಡಬೇಕಾದದ್ದು ಸ್ವಲ್ಪವೇ. ಸ್ಪೀಕರಿನ ನೇರ ಮುಂದೆ ಕೂರಬೇಡಿ. ತಬಲಾ ಕಾಣುವ ಕಡೆ ಕೂತರೆ ಒಳ್ಳೆಯದು. ತಂಬೂರಿ ಶ್ರುತಿ ಮಾಡುವಾಗ ಮಾತಾಡಬೇಡಿ, ಗಾಯಕರಿಗೆ ಆಗಲೇ ಮೌನ ಬೇಕಾಗಿರುತ್ತದೆ. ಏಳಲೇಬೇಕೆಂದರೆ ಒಂದು ರಾಗ ಮುಗಿದ ಮೇಲೆ ಏಳಿ. ರೆಕಾರ್ಡ್ ಮಾಡುವ ಮುನ್ನ ಸಂಘಟಕರನ್ನು ಕೇಳಿ. ನಡುವೆ ಚೀಟಿ ಕಳಿಸಿ ‘ಭಾಗ್ಯದ ಲಕ್ಷ್ಮೀ ಹಾಡಿ’ ಅನ್ನಬೇಡಿ. ದಾಸರ ಪದ, ವಚನಗಳಿಗೆ ಕೊನೆಯಲ್ಲಿ ಜಾಗ ಇದ್ದೇ ಇರುತ್ತದೆ. ಸಮ್‌ನಲ್ಲಿ ‘ವಾಹ್’ ಬಾಯಿಂದ ಬಂದರೆ ಸಂಕೋಚ ಬೇಡ. ಬರದಿದ್ದರೆ ಪಕ್ಕದವರನ್ನು ನೋಡಿ ಅನ್ನಬೇಕಾಗಿಯೂ ಇಲ್ಲ.

ಭೈರವಿ ರಾಗ ಶುರುವಾದರೆ ಕಛೇರಿ ಮುಗಿಯುತ್ತಿದೆ ಅಂತ ಲೆಕ್ಕ. ಎಷ್ಟೋ ಜನ ಅದೇ ಹೊತ್ತಿಗೆ ಎದ್ದು ಚಪ್ಪಲಿ ಹುಡುಕಲು ಹೋಗುತ್ತಾರೆ, ನೀವು ಕೂತಿರಿ. ರಾಗದ ಹೆಸರು ಹೇಳದೆ ಹಾಡಿದ್ದರೆ ಮುಗಿದ ಮೇಲೆ ಹಿಂದೆ ತಂಬೂರಿ ಹಿಡಿದು ಕೂತಿದ್ದ ಶಿಷ್ಯರನ್ನು ಕೇಳಿ. ದೊಡ್ಡವರ ಸುತ್ತ ಜನ ಮುತ್ತಿಕೊಂಡಿರುತ್ತಾರೆ, ಇವರು ಸಿಗುತ್ತಾರೆ, ಖುಷಿಯಿಂದ ಹೇಳುತ್ತಾರೆ ಕೂಡ. ರಾಗದ ಜತೆ ಬಂದಿಶ್‌ನ ಮೊದಲ ಸಾಲನ್ನೂ ಬರೆದುಕೊಳ್ಳಿ. ಮನೆಗೆ ಬಂದು ಹುಡುಕುವಾಗ ರಾಗದ ಹೆಸರಿಗಿಂತ ಆ ಸಾಲಿಗೇ ಬೇಗ ಸಿಗುತ್ತದೆ.